ಒಂದು ವರ್ಷದ ಧಾರಣೆ ನೋಡಿ ತೋಟ ಕೊಳ್ಳುವವರು

ಷೇರು ವಿಶ್ಲೇಷಣೆಯ ಸಾಧನಗಳಲ್ಲಿ ಪಿ-ಇ ಅನುಪಾತಕ್ಕೆ ಸಿಕ್ಕಿರುವಷ್ಟು ಮರ್ಯಾದೆ ಬೇರೆ ಯಾವುದಕ್ಕೂ ಸಿಕ್ಕಿಲ್ಲ. ಷೇರಿನ ಬೆಲೆಯನ್ನು ಆ ಷೇರಿನ ಪಾಲಿಗೆ ಬರುವ ವಾರ್ಷಿಕ ಲಾಭದಿಂದ ಭಾಗಿಸುವ ಈ ಲೆಕ್ಕ ಸಾಬೂನು, ಬಿಸ್ಕತ್ತು ಮಾರುವ ಕಂಪನಿಗಳಿಗೆ ಸಲ್ಲುತ್ತದೆ. ಅಲ್ಲಿ ಈ ವರ್ಷದ ಲಾಭ ಬರುವ ವರ್ಷದ ಲಾಭಕ್ಕೆ ಸಾಕ್ಷಿ. ಒಂದೇ ವಿನ್ಯಾಸದ ಚಿಪ್ಪನ್ನು ವರ್ಷಗಟ್ಟಲೆ ಮಾರುವ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನಂಥ ಅನಲಾಗ್ ಕಂಪನಿಗೂ ಒಂದು ಮಟ್ಟಿಗೆ ಸಂದೀತು. ಆದರೆ ಮೆಮೊರಿ ಚಿಪ್ ತಯಾರಕರನ್ನು ದೀರ್ಘಾವಧಿಯ ಹೂಡಿಕೆಗೆಂದು ಅಳೆಯುವಾಗ ಈ ತಕ್ಕಡಿ ತಿರುಗಾಮುರುಗಾ ತೂಗುತ್ತದೆ. ಲಾಭ ಶಿಖರಕ್ಕೇರಿದಾಗ ಷೇರು ಅಗ್ಗ ಎನ್ನುತ್ತದೆ. ನಷ್ಟದ ವರ್ಷದಲ್ಲಿ ಹೇಳಲು ಅದರ ಬಳಿ ಅಂಕಿಯೇ ಇರುವುದಿಲ್ಲ.

ಮೆಮೊರಿ ಚಿಪ್ ತಯಾರಿಸುವ ಮೈಕ್ರಾನ್ ಕಂಪನಿಯ 2018ರ ಲೆಕ್ಕವನ್ನೇ ಬಿಡಿಸಿ ನೋಡೋಣ. ಆಗಸ್ಟ್ ಕೊನೆಗೆ ಮುಗಿದ ಆ ಹಣಕಾಸು ವರ್ಷದಲ್ಲಿ ನಿವ್ವಳ ಲಾಭ 1,400 ಕೋಟಿ ಡಾಲರ್ ದಾಟಿತ್ತು. ಪ್ರತಿ ಷೇರಿಗೆ ಸುಮಾರು ಹನ್ನೊಂದೂವರೆ ಡಾಲರ್. ಸೆಪ್ಟೆಂಬರ್‌ನಲ್ಲಿ ಷೇರಿನ ಬೆಲೆ 45 ಡಾಲರ್ ಆಸುಪಾಸು. ಅಂದರೆ ಪಿ-ಇ ನಾಲ್ಕು: ಹಾಕಿದ ಹಣದಷ್ಟು ಲಾಭವನ್ನು ಕಂಪನಿ ನಾಲ್ಕೇ ವರ್ಷದಲ್ಲಿ ಗಳಿಸುತ್ತದೆ ಎಂಬ ಮಾತು. ಅದು ನಿಜವಾಗಬೇಕಾದರೆ 2018 ಒಂದು ಸಾಮಾನ್ಯ ವರ್ಷವಾಗಿರಬೇಕು. 2009ರಿಂದ 2018ರವರೆಗಿನ ಹತ್ತು ವರ್ಷಗಳ ಲಾಭ-ನಷ್ಟ ಕೂಡಿದರೆ ಸಿಗುವುದು ಸುಮಾರು 2,500 ಕೋಟಿ ಡಾಲರ್. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಆ ಒಂದೇ ವರ್ಷದ ಗಳಿಕೆ. 2009, 2012, 2016 ನಷ್ಟದ ವರ್ಷಗಳು. ಹತ್ತು ವರ್ಷದ ಸರಾಸರಿ ಲಾಭವನ್ನು ಇಟ್ಟುಕೊಂಡರೆ ಅದೇ ಷೇರಿನ ಪಿ-ಇ ಇಪ್ಪತ್ತರ ಸುಮಾರಿಗೆ ಬರುತ್ತದೆ. ಮುಂದಾದದ್ದೂ ಹಾಗೆಯೇ. 2019ರಲ್ಲಿ ಲಾಭ ಅರ್ಧಕ್ಕಿಂತ ಕೆಳಗಿಳಿಯಿತು, 2020ರಲ್ಲಿ 2018ರ ಐದನೇ ಒಂದು ಪಾಲಿಗೂ ಕಡಿಮೆಯಾಯಿತು, 2023ರಲ್ಲಿ 580 ಕೋಟಿ ಡಾಲರ್‌ಗೂ ಹೆಚ್ಚಿನ ನಷ್ಟ ಬಂತು. ಆ ನಷ್ಟದ ಹಣಕಾಸು ವರ್ಷ ಶುರುವಾಗಿದ್ದ 2022ರ ಕೊನೆಯಲ್ಲಿ 50 ಡಾಲರ್ ಆಸುಪಾಸಿನಲ್ಲಿದ್ದ ಷೇರು 2024ರ ಜೂನ್‌ನಲ್ಲಿ 150 ದಾಟಿತು. ಆ ಏರಿಕೆಯ ಬಹುಪಾಲು ನಡೆದಾಗ ಪಿ-ಇ ಕೋಷ್ಟಕದ ಮನೆ ಖಾಲಿಯಿತ್ತು.

ಹೀಗಾಗುವ ಕಾರಣ ಅಡಿಕೆ ಬೆಳೆಗಾರರಿಗೆ ವಿವರಿಸಬೇಕಾಗಿಲ್ಲ. ಧಾರಣೆ ಏರಿದ ವರ್ಷ ಎಲ್ಲರೂ ಸಸಿ ನೆಡುತ್ತಾರೆ. ಫಸಲು ಬರುವುದು ವರ್ಷಗಳ ನಂತರ, ಎಲ್ಲರದೂ ಒಟ್ಟಿಗೆ. ಚಿಪ್ ಕಾರ್ಖಾನೆಗೂ ಅಡಿಪಾಯದಿಂದ ಉತ್ಪಾದನೆಯವರೆಗೆ ಎರಡು-ಮೂರು ವರ್ಷ ಬೇಕು. ಒಮ್ಮೆ ಕಟ್ಟಿದ ಮೇಲೆ ಯಂತ್ರಗಳ ಸವಕಳಿ ನಿಲ್ಲುವುದಿಲ್ಲವಾದ್ದರಿಂದ ಬೆಲೆ ಬಿದ್ದರೂ ಉತ್ಪಾದನೆ ಸುಲಭವಾಗಿ ತಗ್ಗುವುದಿಲ್ಲ. ಒಂದು ವರ್ಷದ ಧಾರಣೆ ನೋಡಿ ತೋಟದ ಬೆಲೆ ಕಟ್ಟುವುದನ್ನು ಯಾವ ಬೆಳೆಗಾರನೂ ಒಪ್ಪುವುದಿಲ್ಲ. ಹೂಡಿಕೆದಾರನೂ ಒಪ್ಪಬೇಕಾಗಿಲ್ಲ.

ಇದಕ್ಕೆ ಎರಡು ಆಕ್ಷೇಪಗಳಿವೆ. 2018ರಲ್ಲಿ ಕೊಂಡವರೂ ಕಾದಿದ್ದರೆ ಗೆದ್ದರಲ್ಲ ಎಂಬುದು ಮೊದಲನೆಯದು. ಗೆದ್ದದ್ದು ನಿಜ, ಆದರೆ ಅದೇ ಡಿಸೆಂಬರ್‌ನಲ್ಲಿ 30 ಡಾಲರ್‌ಗೆ ಇಳಿದ ಷೇರನ್ನು ಹಿಡಿದು ಕೂರುವ ಧೈರ್ಯವನ್ನು ಅವರಿಗೆ ಕೊಟ್ಟದ್ದು ಪಿ-ಇ ಅಲ್ಲ. 2013ರಲ್ಲಿ ಜಪಾನಿನ ಮೆಮೊರಿ ಕಂಪನಿ ಎಲ್ಪಿಡಾವನ್ನು ಕೊಂಡು ದೊಡ್ಡದಾದ ಕಂಪನಿಗೆ ಅದಕ್ಕೂ ಹಿಂದಿನ ವರ್ಷಗಳ ಸರಾಸರಿ ಅನ್ಯಾಯ ಮಾಡುತ್ತದೆ ಎಂಬುದು ಎರಡನೆಯದು. ಇದರಲ್ಲಿ ಹುರುಳಿದೆ, ಇಪ್ಪತ್ತು ಎಂಬುದು ಕಠಿಣ ತೀರ್ಪೇ. ಆದರೂ ನಾಲ್ಕಕ್ಕೂ ಇಪ್ಪತ್ತಕ್ಕೂ ನಡುವೆ ಎಲ್ಲಿ ನಿಲ್ಲಬೇಕೆಂಬುದೇ ಹೂಡಿಕೆದಾರನ ನಿಜವಾದ ಪ್ರಶ್ನೆ. ನಾಲ್ಕು ಎಂದು ಬರೆದು ಕೈತೊಳೆದುಕೊಂಡವರು ಆ ಪ್ರಶ್ನೆಯನ್ನು ಮುಟ್ಟಿಯೇ ಇಲ್ಲ.

ಇವರಿಗಿಂತ ಹೆಚ್ಚಿನ ಉತ್ತರ ಕೇಳಬೇಕಾದದ್ದು ಏರಿಳಿತದ ಕಾಲವೇ ಮುಗಿಯಿತು ಎಂದು ಸಾರುವ ವಿಶ್ಲೇಷಕರಿಂದ. 2009ರಲ್ಲಿ ಜರ್ಮನಿಯ ಕಿಮೊಂಡಾ, 2012ರಲ್ಲಿ ಎಲ್ಪಿಡಾ ದಿವಾಳಿಯೆದ್ದ ಮೇಲೆ ಡಿರ್ಯಾಮ್ ಎಂಬ ಮೆಮೊರಿ ಚಿಪ್‌ಗಳ ಮಾರುಕಟ್ಟೆಯ ಬಹುಪಾಲು ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಎಂಬ ಮೂವರ ಕೈಗೆ ಬಂತು. ಮೂವರೇ ಇದ್ದಲ್ಲಿ ಶಿಸ್ತು ತಾನಾಗಿ ಬರುತ್ತದೆ ಎಂಬುದು ಅವರ ವಾದ. 2023 ಅದನ್ನು ಪರೀಕ್ಷೆಗೊಡ್ಡಿತು. ಆ ವರ್ಷ ಮೂವರೂ ಮೆಮೊರಿಯಲ್ಲಿ ನಷ್ಟ ಕಂಡರು. ಸ್ಯಾಮ್‌ಸಂಗ್‌ನ ಚಿಪ್ ವಿಭಾಗವೊಂದೇ ಸುಮಾರು 15 ಲಕ್ಷ ಕೋಟಿ ವೊನ್ ಕಳೆದುಕೊಂಡಿತು. ಈಗ ಅದೇ ವಾದ ಕೃತಕ ಬುದ್ಧಿಮತ್ತೆಗೆ ಬೇಕಾದ ಎಚ್‌ಬಿಎಂ ಎಂಬ ಮೆಮೊರಿ ಚಿಪ್‌ಗಳ ಹೆಸರಿನಲ್ಲಿ ಮರಳಿದೆ. ಎಚ್‌ಬಿಎಂ ಹೆಚ್ಚು ಸಿಲಿಕಾನ್ ಬೇಡುತ್ತದೆ, ಆದ್ದರಿಂದ ಪೂರೈಕೆ ಬಿಗಿಯಾಗುತ್ತದೆ ಎಂಬುದು ಸರಿ. ಆದರೆ ಆ ಬಿಗಿಯೇ ಹೊಸ ಕಾರ್ಖಾನೆಗಳಿಗೆ ಆಹ್ವಾನ. ಬೇಡಿಕೆ ಎಷ್ಟೇ ದೊಡ್ಡದಿರಲಿ, ನೆಡುವುದಕ್ಕೂ ಕೊಯ್ಯುವುದಕ್ಕೂ ನಡುವಿನ ಕಾಲವನ್ನು ಅದು ಅಳಿಸಲಾರದು.

ಲಾಭದ ಸರಾಸರಿಯ ಜೊತೆಗೆ ಇನ್ನೊಂದು ಸಾಲನ್ನೂ ಓದಬೇಕು. 2022ರಲ್ಲಿ ಮೈಕ್ರಾನ್‌ನ ವ್ಯವಹಾರದಿಂದ ಬಂದ ನಗದು ಸುಮಾರು 1,500 ಕೋಟಿ ಡಾಲರ್. ಅದರಲ್ಲಿ 1,200 ಕೋಟಿ ಕಾರ್ಖಾನೆ, ಯಂತ್ರಗಳಿಗೆ ಹೋಯಿತು. ಷೇರುದಾರನಿಗೆ ಉಳಿದದ್ದು ಐದನೇ ಒಂದು ಪಾಲು, ಅದೂ ಒಳ್ಳೆಯ ವರ್ಷದಲ್ಲಿ. ಚಿಪ್ ಕಂಪನಿಯೊಂದನ್ನು ದೀರ್ಘಾವಧಿಗೆ ಶಿಫಾರಸು ಮಾಡುವವರು ಹತ್ತು ವರ್ಷಗಳ ಲಾಭ-ನಷ್ಟವನ್ನೂ, ಮತ್ತೆ ಮತ್ತೆ ಹಾಕಿದ ಬಂಡವಾಳವನ್ನೂ ಅಕ್ಕಪಕ್ಕ ಇಟ್ಟು ತೋರಿಸಲಿ. ಅಷ್ಟು ಮಾಡಿದ ಮೇಲೂ ಷೇರು ಅಗ್ಗವೆಂದು ಕಂಡರೆ ಆ ಮಾತಿಗೆ ಬೆಲೆಯಿದೆ.