ಡೊಳ್ಳಿನ ಮೇಳಕ್ಕೆ ಹಾಡಿನ ಆಯ್ಕೆ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ವೇದಿಕೆಗಳಲ್ಲಿ ಡೊಳ್ಳಿನ ಮೇಳಕ್ಕೆ ಯಾವ ಹಾಡು ಒಪ್ಪುವುದೆಂಬುದು ವಿಚಾರಾರ್ಹವಾದ ಪ್ರಶ್ನೆ. ಡೊಳ್ಳಿನ ಒಂದು ಮುಖಕ್ಕೆ ಕೋಲು, ಇನ್ನೊಂದಕ್ಕೆ ಕೈ. ಅದರ ನಾದವು ಸೂಕ್ಷ್ಮವಾದ ಗಮಕಗಳನ್ನು ನುಂಗಿಬಿಡುತ್ತದೆ. ಆದುದರಿಂದ ಬೀರೇಶ್ವರನ ಪದಗಳಂತೆ, ಮುಂದಾಳು ಹಾಡಿದ ನುಡಿಯನ್ನು ಹಿಮ್ಮೇಳದವರು ಎತ್ತಿಕೊಂಡು, ನಡುವೆ ಬಡಿತಕ್ಕೆ ತೆರಪು ಬಿಡುವಂತಹ ಹಾಡೇ ಇಲ್ಲಿ ಸಲ್ಲುತ್ತದೆ. ಚಲನಚಿತ್ರದ ಧಾಟಿಗೂ ಚಪ್ಪಾಳೆ ಬೀಳುವುದು ನಿಜ. ಆದರೆ ಅಷ್ಟು ತಾಳ ಹಾಕುವುದಕ್ಕೆ ತಬಲೆಯೊಂದೇ ಸಾಕು.

ಕಾಡುಗೊಲ್ಲರ ಜುಂಜಪ್ಪನ ಕಾವ್ಯವನ್ನು ಡೊಳ್ಳಿಗೆ ಅಳವಡಿಸಬೇಕೆಂಬ ಉತ್ಸಾಹವನ್ನಂತೂ ನಾವು ಒಪ್ಪಲಾರೆವು. ಅದರ ಜೊತೆಗಾರ ಗಣೆ, ಉದ್ದನೆಯ ಬಿದಿರ ಕೊಳಲು. ಹಾಡುವವನ ಉಸಿರೇ ಅದರ ಲಯ. ಕಾವ್ಯದ ಜೀವವಾದ ಕಥೆಯೇ ಡೊಳ್ಳಿನ ಅಬ್ಬರದಲ್ಲಿ ಕೇಳಿಸದು. ಡೊಳ್ಳಿಳಿಸಿದ ಬಳಿಕ ಗಣೆಗಾರರಿಗೆ ಪ್ರತ್ಯೇಕ ವೇಳೆಯನ್ನೂ, ಮೌನವಾಗಿ ಕೇಳುವ ಸಭೆಯನ್ನೂ ಒದಗಿಸಬೇಕು.