ನಿರ್ದೇಶಕರಿಗೂ ಒಂದು ಪರೀಕ್ಷೆ

ನಮ್ಮ ಸಂಘದ ಹಿರಿಯ ಸದಸ್ಯರೊಬ್ಬರು, ನಿವೃತ್ತ ಎಂಜಿನಿಯರರು, ಈಚೆಗೆ ಮೈಸೂರುಪಾಕಿನ ಡಬ್ಬಿ ಹಿಡಿದು ಮನೆಗೆ ಬಂದರು. ಮೊಮ್ಮಗ ಪಾಸಾದನೇನೋ ಎಂದುಕೊಂಡೆ. “ಅಲ್ಲಯ್ಯ, ನಾನೇ ಪಾಸಾದೆ!” ಎಂದರು. ಕಂಪನಿಗಳಲ್ಲಿ ಸ್ವತಂತ್ರ ನಿರ್ದೇಶಕರಾಗಬಯಸುವವರಿಗೆ ಇಟ್ಟಿರುವ ಪರೀಕ್ಷೆಯಂತೆ. ಅವರ ಉತ್ಸಾಹಕ್ಕೆ ತಣ್ಣೀರೆರಚುವುದು ನನ್ನ ಉದ್ದೇಶವಲ್ಲ. ಆದರೆ ಈ ಪರೀಕ್ಷೆಯ ವಿಷಯದಲ್ಲಿ ಎರಡು ಮಾತು ಹೇಳದೆ ಇರಲಾರೆ.

2013ರ ಕಂಪನಿ ಕಾಯಿದೆಯಂತೆ, ಷೇರುಪೇಟೆಯಲ್ಲಿ ನೋಂದಾಯಿತವಾದ ಕಂಪನಿಯ ಮಂಡಳಿಯಲ್ಲಿ ಮೂರನೆಯ ಒಂದು ಪಾಲಾದರೂ ಸ್ವತಂತ್ರ ನಿರ್ದೇಶಕರಿರಬೇಕು. ಇಂಥವರ ಪಟ್ಟಿಯನ್ನು 2019ರ ಡಿಸೆಂಬರಿನಿಂದ ಹರಿಯಾಣದ ಮಾನೇಸರದಲ್ಲಿರುವ ಸರ್ಕಾರಿ ಸಂಸ್ಥೆ, ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಕಾರ್ಪೊರೇಟ್ ಅಫೇರ್ಸ್, ಇಟ್ಟುಕೊಂಡಿದೆ. ಅನುಭವದ ಮೇಲೆ ವಿನಾಯಿತಿ ಪಡೆದವರನ್ನು ಬಿಟ್ಟು ಉಳಿದವರು ಕಂಪ್ಯೂಟರಿನ ಮುಂದೆ ಕುಳಿತು ಉತ್ತರ ಗುರುತಿಸಬೇಕು. ಮೊದಲು ನೂರಕ್ಕೆ 60 ಅಂಕ ಬೇಕಿತ್ತು. 2020ರಲ್ಲಿ ಅದನ್ನು 50ಕ್ಕೆ ಇಳಿಸಿದರು. ಎಷ್ಟು ಸಲ ಬೇಕಾದರೂ ಕೂರಬಹುದು. ನಮ್ಮ ಇಲಾಖಾ ಪರೀಕ್ಷೆಗಳಲ್ಲಿ ಇಷ್ಟು ಔದಾರ್ಯ ನಾನು ಕಂಡಿಲ್ಲ!

ಕಾನೂನು, ಲೆಕ್ಕಪತ್ರ ಓದಿಕೊಳ್ಳಲಿ, ಒಳ್ಳೆಯದೇ. ಆದರೆ ನಮ್ಮ ಮಂಡಳಿಗಳು ಸೋತದ್ದು ಓದು ಸಾಲದೆಯೇ? ಹೈದರಾಬಾದಿನ ಸತ್ಯಂ ಕಂಪ್ಯೂಟರ್ಸನ್ನು ನೆನೆಯಿರಿ. ಅದರ ಮಂಡಳಿಯಲ್ಲಿ ಹಾರ್ವರ್ಡಿನ ಪ್ರಾಧ್ಯಾಪಕರಿದ್ದರು, ದೊಡ್ಡ ಮ್ಯಾನೇಜ್‌ಮೆಂಟ್ ಶಾಲೆಯ ಡೀನರಿದ್ದರು, ಕೇಂದ್ರದ ಮಾಜಿ ಸಂಪುಟ ಕಾರ್ಯದರ್ಶಿಗಳಿದ್ದರು. ಇವರಿಗೆ ಯಾರು ಪಾಠ ಹೇಳಬೇಕು? 2008ರ ಡಿಸೆಂಬರ್ 16ರಂದು, ಅಧ್ಯಕ್ಷರ ಕುಟುಂಬದವರದೇ ಆದ ಎರಡು ಮೇಟಾಸ್ ಕಂಪನಿಗಳನ್ನು 160 ಕೋಟಿ ಡಾಲರಿಗೆ ಕೊಳ್ಳುವ ಪ್ರಸ್ತಾಪ ಬಂತು. (ಸತ್ಯಂ ಎಂಬುದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಹಿಂದುಮುಂದಾಗಿ ಓದಿದರೆ ಮೇಟಾಸ್. ಹೆಸರೇ ಕಥೆ ಹೇಳುತ್ತಿತ್ತು.) ಕೆಲವು ಪ್ರಶ್ನೆಗಳೇನೋ ಎದ್ದವು, ಕೊನೆಗೆ ಎಲ್ಲರೂ ಒಮ್ಮತದಿಂದ ಒಪ್ಪಿದರು. ಅದನ್ನು ಕೆಲವೇ ಗಂಟೆಗಳಲ್ಲಿ ನಿಲ್ಲಿಸಿದ್ದು ಹಣ ಹೂಡಿದವರ ಕೂಗು. 2009ರ ಜನವರಿ 7ರಂದು ಅಧ್ಯಕ್ಷರ ಪತ್ರ ಹೊರಬಿದ್ದಾಗ, ಲೆಕ್ಕದಲ್ಲಿದ್ದ 5,040 ಕೋಟಿ ರೂಪಾಯಿ ನಗದು ಇಲ್ಲವೇ ಇಲ್ಲವೆಂದು ತಿಳಿಯಿತು. ಅದಕ್ಕೆ ಕೆಲವೇ ತಿಂಗಳ ಹಿಂದೆ ಆಡಳಿತದ ಶಿಸ್ತಿಗೆಂದು ಅದೇ ಕಂಪನಿಗೆ ಪ್ರಶಸ್ತಿಯೂ ಬಂದಿತ್ತು!

ಇದು ದೊಡ್ಡವರ ವ್ಯವಹಾರ, ನಮಗೇಕೆ ಎನ್ನಬೇಡಿ. 2018ರಲ್ಲಿ ಐ.ಎಲ್. ಅಂಡ್ ಎಫ್.ಎಸ್. ಸಾಲ ತೀರಿಸಲಾರದೆ ಕುಸಿದಾಗ ಸಿಕ್ಕಿಬಿದ್ದ ಹಣದಲ್ಲಿ ನೌಕರರ ಭವಿಷ್ಯನಿಧಿಯ ಹಣವೂ ಇತ್ತು. ಊರು ಬಿಟ್ಟು ಬಂದು ತಿಂಗಳ ಸಂಬಳದಲ್ಲಿ ಬದುಕುವ ನಮ್ಮಂಥವರಿಗೆ ಹೊಲವಿಲ್ಲ, ತೋಟವಿಲ್ಲ. ಇರುವುದು ಅದೊಂದೇ ಗಂಟು.

ಬಿ.ಎಸ್ಸಿ.ಯಲ್ಲಿ ರಸಾಯನಶಾಸ್ತ್ರದ ಥಿಯರಿ ಬಾಯಿಪಾಠ ಮಾಡಿದ್ದ ನನಗೆ, ಪ್ರಾಕ್ಟಿಕಲ್ ದಿನ ಪಿಪೆಟ್ ಹಿಡಿದಾಗ ಕೈ ನಡುಗಿತ್ತು. ಈ ಪರೀಕ್ಷೆಯಲ್ಲಿ ಪ್ರಾಕ್ಟಿಕಲ್ಲೇ ಇಲ್ಲ. ಬಗೆಹರಿಯದ ಆಕ್ಷೇಪಣೆಯನ್ನು ಸಭೆಯ ನಡವಳಿಯಲ್ಲಿ ಬರೆಸಲೇಬೇಕೆಂದು ಕಾಯಿದೆಯ ನಾಲ್ಕನೆಯ ಅನುಸೂಚಿ ಹೇಳುತ್ತದೆ. ಅದು ಸರಿ ಉತ್ತರವೆಂದು ಗುರುತು ಹಾಕುವುದು ಸುಲಭ. ಆದರೆ ತನ್ನನ್ನು ಕರೆದು ಕೂರಿಸಿದ ಅಧ್ಯಕ್ಷರೇ ಗಡಿಯಾರ ನೋಡುತ್ತ “ಎಲ್ಲರಿಗೂ ಸಮ್ಮತವಷ್ಟೆ?” ಎಂದಾಗ, “ನನಗಿಲ್ಲ, ಬರೆದುಕೊಳ್ಳಿ” ಎನ್ನುವುದು? ಮೇಲಧಿಕಾರಿಯ ಮನಸ್ಸು ತಿಳಿದೂ ಫೈಲಿನಲ್ಲಿ ಬೇರೆ ಟಿಪ್ಪಣಿ ಬರೆದ ಗುಮಾಸ್ತನಿಗೆ ಅದರ ಕಷ್ಟ ಗೊತ್ತು.

ತರಬೇತಿ ಬೇಡವೆನ್ನುತ್ತಿಲ್ಲ. ಸಭೆಯ ಕಾಗದಪತ್ರಗಳ ಕಂತೆಯನ್ನೇ ಮುಂದಿಟ್ಟು, ಅದರಲ್ಲಿ ಬಚ್ಚಿಟ್ಟ ತಪ್ಪು ಹುಡುಕಿಸಲಿ. ಒಬ್ಬರನ್ನು ಗದರುವ ಅಧ್ಯಕ್ಷರನ್ನಾಗಿ ಕೂರಿಸಿ, ಉಳಿದವರಿಂದ ಪ್ರಶ್ನೆ ಕೇಳಿಸಲಿ. ಹಾಗೆಯೇ ನೇಮಕದ ಪ್ರಶ್ನೆಯೂ ಇದೆ. ಹೆಚ್ಚಿನ ಷೇರು ಹಿಡಿದವರ ಮತದಿಂದಲೇ ಬಂದವನು ಅವರನ್ನು ಎದುರಿಸುವುದು ಹೇಗೆಂಬುದಕ್ಕೆ ಯಾವ ತರಗತಿಯಲ್ಲೂ ಉತ್ತರವಿರಲಾರದು. ಅದು ಕಾಯಿದೆಯ ಕೆಲಸ.

ಇಷ್ಟನ್ನೂ ನಮ್ಮ ಎಂಜಿನಿಯರರ ಮುಂದೆ ಹೇಳಿದೆ. ಅವರು ಸಿಟ್ಟಾಗಲಿಲ್ಲ. ಮುಂದಿನ ತಿಂಗಳು ನಿರ್ದೇಶಕರ ತರಬೇತಿ ಶಿಬಿರವೊಂದಕ್ಕೆ ಹೋಗುತ್ತಾರಂತೆ. ಅಲ್ಲಿ ಸತ್ಯಂನ ಆ ದಿನದ ಸಭೆಯನ್ನು ಪಾಠಕ್ಕೆ ತೆಗೆದುಕೊಳ್ಳುತ್ತಾರೋ ಇಲ್ಲವೋ ನೋಡಿಕೊಂಡು ಬಂದು ಹೇಳುವುದಾಗಿ ಒಪ್ಪಿದ್ದಾರೆ.