ಅಪಲೇಚಿಯನ್ ಗಿರಿಪಥ ಮತ್ತು ಅದರ ಸಾಹಿತ್ಯ: ಒಂದು ವಿಮರ್ಶೆ

ಅಮೆರಿಕ ಸಂಯುಕ್ತ ಸಂಸ್ಥಾನದ ಪೂರ್ವಭಾಗದಲ್ಲಿ, ಜಾರ್ಜಿಯ ರಾಜ್ಯದ ಸ್ಪ್ರಿಂಗರ್ ಬೆಟ್ಟದಿಂದ ಮೇನ್ ರಾಜ್ಯದ ಕಟಾಡಿನ್ ಶಿಖರದವರೆಗೆ, ಅಪಲೇಚಿಯನ್ ಪರ್ವತಶ್ರೇಣಿಯ ನೆತ್ತಿಯನ್ನು ಹಿಡಿದು ಸಾಗುವ ಕಾಲುದಾರಿಯೊಂದಿದೆ. ಹದಿನಾಲ್ಕು ರಾಜ್ಯಗಳನ್ನು ಹಾಯುವ ಈ ದಾರಿಯ ಉದ್ದ ಸುಮಾರು 2,190 ಮೈಲಿ. ಅನ್ನ, ಹಾಸಿಗೆ, ಡೇರೆಗಳನ್ನೆಲ್ಲ ಬೆನ್ನಚೀಲದಲ್ಲಿ ಹೊತ್ತು, ಐದಾರು ತಿಂಗಳ ಕಾಲ ನಡೆದು ಒಂದೇ ಋತುವಿನಲ್ಲಿ ಇದನ್ನು ಮುಗಿಸುವ ಸಾಹಸಿಗಳನ್ನು ಈ ಲೇಖನದಲ್ಲಿ ಆದ್ಯಂತ ಪಾದಚಾರಿಗಳೆಂದು ಕರೆಯಲಾಗಿದೆ. ನಮ್ಮಲ್ಲಿ ಬಳಕೆಗೆ ಬಂದಿರುವ 'ಚಾರಣ' ಎಂಬ ಮಾತು ಒಂದೆರಡು ದಿನಗಳ ಬೆಟ್ಟದ ನಡಿಗೆಗೂ ಸಲ್ಲುವುದರಿಂದ ಅದನ್ನು ಇಲ್ಲಿ ಉಪಯೋಗಿಸಿಲ್ಲ. ಈ ಪಾದಚಾರಿಗಳು ಬರೆದ ದಿನಚರಿಗಳೂ ಆತ್ಮಕಥನಗಳೂ ಇಂದು ಒಂದು ಸಾಹಿತ್ಯ ಪ್ರಕಾರವೆನ್ನುವಷ್ಟು ಬೆಳೆದಿವೆ. ಅವು ಓದುವುದಕ್ಕೆ ಸೊಗಸಾಗಿವೆ. ಆದರೆ ಆ ದಾರಿಯ ಇತಿಹಾಸಕ್ಕೆ ಆಧಾರವಾಗಿ ಅವನ್ನು ಎಷ್ಟರ ಮಟ್ಟಿಗೆ ನೆಚ್ಚಬಹುದೆಂಬುದೇ ಪ್ರಕೃತ ಪ್ರಶ್ನೆ.

ಮೊದಲು ಮೂಲ ದಾಖಲೆಯನ್ನು ನೋಡೋಣ. ಬೆಂಟನ್ ಮೆಕೈ ಎಂಬ ಅರಣ್ಯಶಾಸ್ತ್ರಜ್ಞರು 1921ರ ಅಕ್ಟೋಬರಿನಲ್ಲಿ ಅಮೆರಿಕದ ವಾಸ್ತುಶಿಲ್ಪಿಗಳ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನದಿಂದ ಈ ದಾರಿ ಹುಟ್ಟಿತು. ಆ ಲೇಖನದ ಉಪಶೀರ್ಷಿಕೆಯೇ ಇದು ಪ್ರಾದೇಶಿಕ ಯೋಜನೆಯೆಂದು ಸಾರುತ್ತದೆ. ಮೆಕೈ ಅವರಿಗೆ ಕಾಲುದಾರಿ ಕೇವಲ ಒಂದು ಸೂತ್ರ. ಅದಕ್ಕೆ ತಂಗುದಾಣಗಳನ್ನೂ, ಜನ ಕೂಡಿ ಬಾಳುವ ಸಮುದಾಯ ಶಿಬಿರಗಳನ್ನೂ, ಆಹಾರ ಬೆಳೆಯುವ ಕೃಷಿ ಶಿಬಿರಗಳನ್ನೂ ಪೋಣಿಸಬೇಕೆಂಬುದು ಅವರ ಸಂಕಲ್ಪ. ಪರ್ವತದ ನೆತ್ತಿಯ ಮೇಲೆ ಹೆಜ್ಜೆಯಿಡುತ್ತ ಸಾಗುವ ದೈತ್ಯನೊಬ್ಬನನ್ನು ಅವರು ಕಲ್ಪಿಸುತ್ತಾರೆ. ಆ ದೈತ್ಯನ ಕಣ್ಣಿಗೆ ಬೀಳುವುದು ಬರಿಯ ಸೃಷ್ಟಿಸೌಂದರ್ಯವಲ್ಲ. ಕೆಳಗಿನ ನಗರಗಳ ಹೊಗೆ, ಕಾರ್ಖಾನೆಗಳಲ್ಲಿ ದಣಿದ ಜನ, ಮೇಲಿನ ಕಾಡುಗಳಲ್ಲಿ ಹಾಗೆಯೇ ಬಿದ್ದಿರುವ ದುಡಿಮೆಯ ಅವಕಾಶ, ಇವೆಲ್ಲವೂ ಒಟ್ಟಿಗೆ ಕಾಣುತ್ತವೆ. ಮೊದಲ ಮಹಾಯುದ್ಧ ಮುಗಿದ ಮೇಲಿನ ಕಾರ್ಮಿಕ ಅಶಾಂತಿಯ ವರ್ಷಗಳಲ್ಲಿ ಈ ಲೇಖನ ರಚಿತವಾಯಿತೆಂಬುದನ್ನು ನಾವು ಮರೆಯಬಾರದು. ಒಬ್ಬ ಮನುಷ್ಯ ಈ ತುದಿಯಿಂದ ಆ ತುದಿಯವರೆಗೆ ಒಂದೇ ಬಾರಿಗೆ ನಡೆದು ದಾಖಲೆ ಸ್ಥಾಪಿಸಬೇಕೆಂಬ ಆಶಯ ಅದರಲ್ಲಿಲ್ಲ.

ಶಿಬಿರಗಳ ಕನಸು ಕೈಗೂಡಲಿಲ್ಲ. ದಾರಿ ಮಾತ್ರ ಆಯಿತು. ಆದದ್ದೂ ಮೆಕೈ ಅವರಿಂದಲ್ಲ. ಮೈರನ್ ಎವರಿ ಎಂಬ ವಕೀಲರು, ಸೈಕಲ್ಲಿನ ಗಾಲಿಯಿಂದ ಮಾಡಿದ ಅಳತೆಯ ಚಕ್ರವನ್ನು ಮುಂದೆ ತಳ್ಳುತ್ತ, ಒಂದೊಂದು ಮೈಲಿಯನ್ನೂ ತಾವೇ ನಡೆದು ಅಳೆದರು, ಸಂಘಗಳನ್ನು ಕಟ್ಟಿದರು, ಕೊಡಲಿ ಗುದ್ದಲಿಗಳ ಕೆಲಸಕ್ಕೆ ಜನರನ್ನು ಒಗ್ಗೂಡಿಸಿದರು. ದಾರಿ 1937ರಲ್ಲಿ ಮೇನ್ ರಾಜ್ಯದಲ್ಲಿ ಪೂರ್ಣಗೊಂಡಿತು. ಅಷ್ಟರೊಳಗೆ ಇಬ್ಬರಿಗೂ ಮಾತು ಮುರಿದಿತ್ತು. ಶೆನಂಡೋವ ಪ್ರದೇಶದಲ್ಲಿ ಸ್ಕೈಲೈನ್ ಡ್ರೈವ್ ಎಂಬ ಮೋಟಾರು ರಸ್ತೆ ದಾರಿಯ ಜಾಗವನ್ನೇ ಆಕ್ರಮಿಸಿದಾಗ ಮೆಕೈ ಅದನ್ನು ಖಂಡಿಸಿದರು; ದಾರಿ ಹೇಗಾದರೂ ಮುಂದುವರಿಯಲೆಂದು ಎವರಿ ಒಪ್ಪಿಕೊಂಡರು. ತತ್ತ್ವ ಮೆಕೈ ಅವರ ಪಕ್ಷದಲ್ಲಿತ್ತೆಂದು ಹೇಳುವುದು ಸುಲಭ. ಆದರೆ ಎವರಿ ಅವರ ಹಟವಿಲ್ಲದಿದ್ದರೆ ಆ ಲೇಖನ ಗ್ರಂಥಾಲಯದ ಕಪಾಟಿನಲ್ಲೇ ಉಳಿಯುತ್ತಿತ್ತೆಂಬುದು ನನ್ನ ಅಭಿಪ್ರಾಯ.

ಆದ್ಯಂತ ಪಾದಚಾರಿಯ ಕಥನಕ್ಕೆ ನಾಂದಿ ಹಾಡಿದವರು ಅರ್ಲ್ ಶೇಫರ್. ಎರಡನೆಯ ಮಹಾಯುದ್ಧದಲ್ಲಿ ಪೆಸಿಫಿಕ್ ರಂಗದಲ್ಲಿ ಸೇವೆ ಸಲ್ಲಿಸಿದ್ದ ಇವರ ಬಾಲ್ಯಸ್ನೇಹಿತ ಐವೊ ಜೀಮಾದಲ್ಲಿ ಮಡಿದಿದ್ದ. ಇಬ್ಬರೂ ಕೂಡಿ ಈ ದಾರಿಯನ್ನು ನಡೆಯಬೇಕೆಂದಿದ್ದವರು. ಸೈನ್ಯವನ್ನು ಮನಸ್ಸಿನಿಂದ ಕಳೆದುಕೊಳ್ಳುವುದಕ್ಕಾಗಿ ಶೇಫರ್ 1948ರ ಏಪ್ರಿಲಿನಲ್ಲಿ ಜಾರ್ಜಿಯದಿಂದ ಒಬ್ಬರೇ ಹೊರಟು ಆಗಸ್ಟಿನಲ್ಲಿ ಕಟಾಡಿನ್ ಸೇರಿದರು. ದಾರಿಯ ಸಂಘದವರು ಮೊದಲು ನಂಬಲಿಲ್ಲ. ಅವರ ಟಿಪ್ಪಣಿಗಳನ್ನೂ ಚಿತ್ರಗಳನ್ನೂ ನೋಡಿದ ಮೇಲೆ ಒಪ್ಪಿದರು. 'ವಾಕಿಂಗ್ ವಿತ್ ಸ್ಪ್ರಿಂಗ್' ಎಂಬ ಅವರ ಗ್ರಂಥವನ್ನು ಸಂಘವು ಪ್ರಕಟಿಸಿದ್ದು 1983ರಲ್ಲಿ. ನಡಿಗೆಗೂ ಗ್ರಂಥ ಪ್ರಕಟಣೆಗೂ ನಡುವೆ ಮೂವತ್ತೈದು ವರ್ಷಗಳ ಅಂತರವಿದೆಯೆಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ನಡೆಯುವಾಗ ಅವರು ಬರೆದಿಟ್ಟ ಚಿಕ್ಕ ಪುಸ್ತಕ ಇಂದು ಸ್ಮಿತ್ಸೋನಿಯನ್ ಸಂಸ್ಥೆಯಲ್ಲಿದೆ. ಆ ಟಿಪ್ಪಣಿಯನ್ನೂ ಗ್ರಂಥವನ್ನೂ ಹೋಲಿಸಿ, ಕೆಲವೆಡೆ ಶೇಫರ್ ದಾರಿ ಬಿಟ್ಟು ಹೋಗಿರಬೇಕೆಂದು ವಾದಿಸಿದವರೂ ಇದ್ದಾರೆ. ನನಗೆ ಈ ವಾದವೇ ವ್ಯರ್ಥವೆನಿಸುತ್ತದೆ. ಯುದ್ಧಕಾಲದಲ್ಲಿ ಕೊಡಲಿ ಕಾಣದೆ ದಾರಿ ಮುಳ್ಳುಪೊದೆಗಳಲ್ಲಿ ಹೂತುಹೋಗಿತ್ತು. ಯಾವುದು ದಾರಿ ಯಾವುದಲ್ಲವೆಂದು ಹೇಳುವುದೇ ಕಷ್ಟವಾಗಿದ್ದ ಕಾಲ ಅದು. ಗ್ರಂಥದ ನಿಜವಾದ ಬೆಲೆ ಬೇರೊಂದು ಕಡೆಯಿದೆ. ಬೆಂಕಿಗೋಪುರದ ಕಾವಲುಗಾರರು, ಬೆಟ್ಟದ ರೈತರು, ಅವರಿಂದ ಕೇಳಿದ ಐತಿಹ್ಯಗಳು ಅದರಲ್ಲಿ ದಂಡಿಯಾಗಿ ಬರುತ್ತವೆ. ಏಕಾಂತವನ್ನು ಅರಸಿ ಹೊರಟವರ ಪುಸ್ತಕದಲ್ಲಿ ಇಷ್ಟು ಜನ ಕಾಣಿಸಿಕೊಳ್ಳುವುದು ಸೋಜಿಗವೇ ಸರಿ.

ಎಮ್ಮಾ ಗೇಟ್‌ವುಡ್ ಅವರಂತೂ ಪುಸ್ತಕವನ್ನೇ ಬರೆಯಲಿಲ್ಲ. ಓಹಾಯೊ ರಾಜ್ಯದ ಈ ರೈತಮಹಿಳೆ ಹನ್ನೊಂದು ಮಕ್ಕಳ ತಾಯಿ. ಹೊಡೆಯುವ ಗಂಡನೊಡನೆ ಬಹುಕಾಲ ಬಾಳಿ ಬಿಡುಗಡೆ ಪಡೆದವರು. 1955ರಲ್ಲಿ, ತಮ್ಮ ಅರವತ್ತೇಳನೆಯ ವಯಸ್ಸಿನಲ್ಲಿ, ಕೈಯಲ್ಲಿ ಹೊಲಿದ ಚೀಲವೊಂದನ್ನು ಹೆಗಲಿಗೇರಿಸಿ, ಕ್ಯಾನ್ವಾಸ್ ಷೂ ಮೆಟ್ಟಿ, ಮಳೆಗೆಂದು ಸ್ನಾನದ ಮನೆಯ ಪರದೆಯೊಂದನ್ನು ಇಟ್ಟುಕೊಂಡು ಹೊರಟರು. ಮಕ್ಕಳಿಗೆ ಹೇಳಿದ್ದು ಸ್ವಲ್ಪ ನಡೆದಾಡಿ ಬರುತ್ತೇನೆಂದು ಮಾತ್ರ. ಈ ದಾರಿಯನ್ನು ಒಂಟಿಯಾಗಿ ಒಂದೇ ಋತುವಿನಲ್ಲಿ ಮುಗಿಸಿದ ಮೊದಲ ಮಹಿಳೆ ಅವರೇ. ಡೇರೆಯಿಲ್ಲ, ನಿದ್ರಾಚೀಲವಿಲ್ಲ. ಹಾಗಾದರೆ ಮಲಗಿದ್ದೆಲ್ಲಿ? ತಂಗುದಾಣ ಸಿಕ್ಕದಾಗ ಎಲೆಗಳ ಮೇಲೆ; ಇಲ್ಲವೆ ದಾರಿಯ ಸಮೀಪದ ಮನೆಗಳ ಜಗಲಿಯ ಮೇಲೆ, ಮನೆಯವರು ಕರೆದರೆ ಒಳಗೆ. ಕೆಲವರು ಕರೆದು ಊಟವಿಕ್ಕಿದರು. ಕೆಲವರು ಕದ ಹಾಕಿಕೊಂಡರು. 2014ರಲ್ಲಿ ಬೆನ್ ಮಾಂಟ್ಗೊಮರಿ ಎಂಬ ಪತ್ರಕರ್ತರು ಈಕೆಯ ದಿನಚರಿಗಳನ್ನು ಆಧರಿಸಿ ಜೀವನಚರಿತ್ರೆ ಬರೆದರು. ಒಂಟಿ ಮುದುಕಿಯ ಧೈರ್ಯವೆಂದು ಎಲ್ಲರೂ ಕೊಂಡಾಡುವ ಈ ನಡಿಗೆ ಬಹುಮಟ್ಟಿಗೆ ಆ ಜಗಲಿಗಳ ಬಲದಿಂದ ನಡೆಯಿತೆಂದು ಆ ಗ್ರಂಥವನ್ನು ಓದಿದವರಿಗೆ ತಿಳಿಯದಿರದು.

ಬಿಲ್ ಬ್ರೈಸನ್ ಅವರ 'ಎ ವಾಕ್ ಇನ್ ದ ವುಡ್ಸ್' (1998) ಈ ವರ್ಗದ ಗ್ರಂಥಗಳಲ್ಲಿ ಅತ್ಯಂತ ಜನಪ್ರಿಯವಾದದ್ದು. ಅದು ವಿನೋದಗ್ರಂಥ, ನಕ್ಕು ನಕ್ಕು ಓದಿಸಿಕೊಳ್ಳುತ್ತದೆ. ಲೇಖಕರು ದಾರಿಯ ಅರ್ಧದಷ್ಟನ್ನೂ ನಡೆಯಲಿಲ್ಲ, ಅದನ್ನು ಮುಚ್ಚಿಡುವುದೂ ಇಲ್ಲ. 20ನೆಯ ಶತಮಾನದ ಪೂರ್ವಾರ್ಧದಲ್ಲಿ ಬೂಷ್ಟು ರೋಗದಿಂದ ಅಮೆರಿಕದ ಚೆಸ್ಟ್‌ನಟ್ ವೃಕ್ಷಗಳು ನಾಶವಾದ ಬಗೆಯನ್ನೂ, ಅರಣ್ಯ ಇಲಾಖೆ ಮರ ಸಾಗಿಸುವುದಕ್ಕೆ ಹಾಕಿದ ರಸ್ತೆಗಳನ್ನೂ ಕುರಿತು ಅವರು ಬರೆದ ಪುಟಗಳು ಇತಿಹಾಸಕಾರನೂ ಮೆಚ್ಚತಕ್ಕವು. ಆದರೆ ಬೆಟ್ಟದ ಜನರು ಬಂದೊಡನೆ ಅವರ ಲೇಖನಿ ಸೋಮಾರಿಯಾಗುತ್ತದೆ. ಶೇಫರ್ ಕಥೆ ಕೇಳಿದ, ಗೇಟ್‌ವುಡ್ ಊಟ ಮಾಡಿದ ಅದೇ ಜನ ಇಲ್ಲಿ ಅಪಹಾಸ್ಯದ ಇಲ್ಲವೆ ಭಯದ ವಸ್ತುಗಳಾಗಿಬಿಡುತ್ತಾರೆ. ಮರದ ಅಳಿವಿಗೆ ಮರುಗಿದ ಲೇಖಕರು, ಆ ಮರದ ಕಾಯಿಯನ್ನು ಆಯ್ದು ಮಾರಿ ಜೀವಿಸಿದ ಸಂಸಾರಗಳನ್ನು ಅಷ್ಟೇ ಅಕ್ಕರೆಯಿಂದ ನೋಡಿದ್ದರೆ ಗ್ರಂಥದ ತೂಕ ಹೆಚ್ಚುತ್ತಿತ್ತು.

ಈ ಕಥನಗಳಲ್ಲಿ ಸಾಮಾನ್ಯವಾದ ಇನ್ನೊಂದು ಕೊರತೆಯಿದೆ. ಎಲ್ಲರೂ ದಾರಿಯನ್ನು ಮೊದಲೇ ಅಲ್ಲಿದ್ದ ವಸ್ತುವೆಂದು ಭಾವಿಸುತ್ತಾರೆ. ವಾಸ್ತವವಾಗಿ 1937ರ ದಾರಿಯ ಬಹುಭಾಗ ಇಂದು ಅದೇ ನೆಲದ ಮೇಲಿಲ್ಲ. ಖಾಸಗಿ ಜಮೀನು, ರಸ್ತೆ, ಮಣ್ಣುಕುಸಿತಗಳ ಕಾರಣದಿಂದ ಅದನ್ನು ಮತ್ತೆ ಮತ್ತೆ ಸರಿಸಿ ಕಟ್ಟಲಾಗಿದೆ. ಬಿದ್ದ ಮರ ಕೊಯ್ಯುವವರು, ನೀರು ಹರಿಯಲು ಅಡ್ಡಗಲ್ಲು ಹಾಕುವವರು, ಮರಗಳ ಮೇಲೆ ಬಿಳಿಯ ಪಟ್ಟೆಯ ಗುರುತನ್ನು ಬಳಿಯುವವರು ಬಹುತೇಕ ಸಂಬಳವಿಲ್ಲದ ಸ್ವಯಂಸೇವಕರು. ದಾರಿಯುದ್ದಕ್ಕೂ ಸುಮಾರು ಮೂವತ್ತು ಸಂಘಗಳು ಅದನ್ನು ತುಂಡುತುಂಡಾಗಿ ಹಂಚಿಕೊಂಡು ನೋಡಿಕೊಳ್ಳುತ್ತವೆ. 2024ರ ಸೆಪ್ಟೆಂಬರಿನಲ್ಲಿ ಹೆಲೀನ್ ಚಂಡಮಾರುತ ದಕ್ಷಿಣದ ಭಾಗದಲ್ಲಿ ಅಸಂಖ್ಯ ಮರಗಳನ್ನು ಕೆಡವಿ, ಟೆನೆಸಿಯ ಅರ್ವಿನ್ ಬಳಿ ನೋಲಿಚಕಿ ನದಿಯ ಸೇತುವೆಯನ್ನು ಕೊಚ್ಚಿಕೊಂಡು ಹೋದಾಗ ಗರಗಸ ಹಿಡಿದು ಬಂದವರಲ್ಲಿಯೂ ಈ ಸ್ವಯಂಸೇವಕರಿದ್ದರು. ಮೆಕೈ ಕನಸಿದ ಸಮುದಾಯ ಶಿಬಿರಗಳಲ್ಲಿ ನೆಲೆಸಲಿಲ್ಲ. ಈ ದುಡಿಮೆಯಲ್ಲಿ ನೆಲೆಸಿತು. ದಾರಿಯ ಚರಿತ್ರೆಯನ್ನು ಬರೆಯಬಯಸುವವನು ಪಾದಚಾರಿಗಳ ಗ್ರಂಥಗಳಿಗಿಂತ ಮೊದಲು ಈ ಸಂಘಗಳ ವಾರ್ತಾಪತ್ರಗಳನ್ನೂ ಕೆಲಸದ ದಿನಗಳ ವರದಿಗಳನ್ನೂ ತೆರೆಯಬೇಕೆಂದು ನಾನು ಹೇಳುವುದು ಇದಕ್ಕಾಗಿಯೇ.

ಅವುಗಳ ಜೊತೆಗೆ ಓದಬೇಕಾದ ಮತ್ತೊಂದು ದಾಖಲೆಯುಂಟು. ಮೆಕೈ ಮತ್ತು ಎವರಿ ಮೋಟಾರು ರಸ್ತೆಗಾಗಿ ಜಗಳವಾಡಿದ ಶೆನಂಡೋವದಲ್ಲಿಯೇ, 1935ರಲ್ಲಿ ಅಸ್ತಿತ್ವಕ್ಕೆ ಬಂದ ರಾಷ್ಟ್ರೀಯ ಉದ್ಯಾನಕ್ಕಾಗಿ ವರ್ಜೀನಿಯ ಸರ್ಕಾರ ಬೆಟ್ಟದ ಜಮೀನುಗಳನ್ನು ಸ್ವಾಧೀನ ಮಾಡಿಕೊಂಡಿತು. ಸುಮಾರು ಐನೂರು ಸಂಸಾರಗಳು ಒಕ್ಕಲೆದ್ದವು. ಇಬ್ಬರ ಜಗಳದಲ್ಲಿ ಮುಖ್ಯವಾಗಿ ಕಾಣುವುದು ರಸ್ತೆಯ ಪ್ರಶ್ನೆ, ಈ ಸಂಸಾರಗಳದ್ದಲ್ಲ. ಆ ಜನರು ಉದ್ಯಾನದ ಅಧಿಕಾರಿಗಳಿಗೆ 1934ರಿಂದ 1938ರವರೆಗೆ ಬರೆದ ಪತ್ರಗಳನ್ನು ಕಟ್ರಿನಾ ಪವೆಲ್ ಅವರು 2009ರಲ್ಲಿ ಸಂಪಾದಿಸಿ ಪ್ರಕಟಿಸಿದ್ದಾರೆ. ಒಬ್ಬರು ಬಿಟ್ಟುಹೋದ ಮನೆಯ ಮರಮುಟ್ಟು ಕೊಂಡೊಯ್ಯಲು ಅಪ್ಪಣೆ ಕೇಳುತ್ತಾರೆ. ಇನ್ನೊಬ್ಬರು ಬೆಳೆ ಕೊಯ್ಯುವವರೆಗೆ ಅವಕಾಶ ಬೇಡುತ್ತಾರೆ. ಕೆಲವು ವೃದ್ಧರಿಗೆ ಸಾಯುವವರೆಗೆ ಅಲ್ಲಿಯೇ ಇರಲು ಬಿಟ್ಟಿದ್ದರು. ಅವರಲ್ಲಿ ಕೊನೆಯವರು ತೀರಿಕೊಂಡದ್ದು 1979ರಲ್ಲಿ. ಅಲ್ಲಿಯವರೆಗೆ, ಅಂದರೆ ಶೇಫರ್ ಮತ್ತು ಗೇಟ್‌ವುಡ್ ಆ ಉದ್ಯಾನದ ನೂರು ಮೈಲಿ ದಾರಿಯನ್ನು ನಡೆದು ದಾಟಿದಾಗಲೂ, ಆ ಬೆಟ್ಟಗಳಲ್ಲಿ ಅಲ್ಲೊಂದು ಇಲ್ಲೊಂದು ಮನೆಯ ಒಲೆ ಉರಿಯುತ್ತಿತ್ತು.